ಬಡ ಮ್ಯಾಗ್ನೆಟ್ಟಿನ ಸ್ಕ್ಯಾನರ್: ಅಬರ್ಡೀನ್‌ನ ಒಂದು ಎಂಆರ್‌ಐ ಪ್ರಕರಣ

ಎಂಆರ್‌ಐ ಕನ್ಸೋಲ್ ಮುಂದೆ ಹೊಸದಾಗಿ ಕೂತ ಹುಡುಗರು ಸ್ವಲ್ಪ ದಿನದಲ್ಲೇ ಒಂದು ಪ್ರಶ್ನೆ ಕೇಳುತ್ತಾರೆ. "ಸರ್, ಹೊಟ್ಟೆ ಸ್ಕ್ಯಾನ್ ಮಾಡುವಾಗ ರೋಗಿ ಉಸಿರಾಡಿದರೆ ದೆವ್ವ ಒಂದೇ ಗೆರೆಯಲ್ಲಿ ಯಾಕೆ ಬೀಳುತ್ತೆ? ಹೊಟ್ಟೆ ಮೇಲೆ ಕೆಳಗೆ ಆಡುತ್ತೆ. ಆದ್ರೆ ನಾವು ಒಂದು ಸೆಟ್ಟಿಂಗ್ ಬದಲಿಸಿದ್ರೆ ದೆವ್ವ ಎಡಕ್ಕೆ ಬಲಕ್ಕೆ ಹೋಗುತ್ತಲ್ಲ!" ದೆವ್ವ ಅಂದರೆ ಗೋಸ್ಟ್. ಅಲುಗಾಡಿದ ಅಂಗದ ಮಬ್ಬು ನಕಲುಗಳು ಚಿತ್ರದಲ್ಲಿ ಸಾಲಾಗಿ ಬೀಳುತ್ತವಲ್ಲ, ಅವು. ನಾವು ದೆವ್ವ ಅಂತಲೇ ಕರೆಯುತ್ತೇವೆ.

ಎರಡು ವಾಕ್ಯದಲ್ಲಿ ಉತ್ತರ ಕೊಟ್ಟು ಮುಗಿಸಬಹುದು. ನಾನು ಮಾತ್ರ ಅವರನ್ನು 1980ರ ಸ್ಕಾಟ್ಲೆಂಡಿಗೆ ಕರೆದುಕೊಂಡು ಹೋಗುತ್ತೇನೆ. ಅಬರ್ಡೀನ್ ವಿಶ್ವವಿದ್ಯಾಲಯದ ವೈದ್ಯಕೀಯ ಭೌತವಿಜ್ಞಾನ ವಿಭಾಗದಲ್ಲಿ ಆಗ ಒಂದು ಸ್ಕ್ಯಾನರ್ ಇತ್ತು. ಅದರ ಮ್ಯಾಗ್ನೆಟ್ ಇವತ್ತಿನ ಲೆಕ್ಕದಲ್ಲಿ ತೀರಾ ಬಡಪಾಯಿ. ಆ ಬಡತನವೇ ಅವರನ್ನು ಒಂದು ಹೊಸ ದಾರಿಗೆ ನೂಕಿತು ಅನ್ನುವುದು ನನ್ನ ಓದು. ಆ ದಾರಿಯಲ್ಲೇ ಇವತ್ತಿನ ಹೆಚ್ಚಿನ ಸ್ಕ್ಯಾನರ್‌ಗಳು ನಡೆಯುತ್ತಿವೆ.

ರೋಗಿಯ ಹೆಸರು, ಊರು, ವಯಸ್ಸು ಇಲ್ಲಿ ಬರುವುದಿಲ್ಲ. ತಾವೇ ಪ್ರಬಂಧ ಬರೆದು ಹೆಸರು ಹಾಕಿಕೊಂಡ ವಿಜ್ಞಾನಿಗಳನ್ನು ಮಾತ್ರ ಹೆಸರಿಟ್ಟು ಕರೆಯುತ್ತೇನೆ.

ಹಿನ್ನೆಲೆ

ಪ್ರೊಫೆಸರ್ ಜಾನ್ ಮಲ್ಲಾರ್ಡ್ 1965ರಲ್ಲಿ ಲಂಡನ್ನಿನಿಂದ ಅಬರ್ಡೀನ್‌ಗೆ ಬಂದರು. ಅಲ್ಲಿ ವೈದ್ಯಕೀಯ ಭೌತವಿಜ್ಞಾನಕ್ಕೆ ಅವರೇ ಮೊದಲ ಪ್ರಾಧ್ಯಾಪಕರು. ಬರುವ ಮುಂಚೆಯೇ ಅವರ ತಲೆಯಲ್ಲಿ ಒಂದು ಹುಳ ಹೊಕ್ಕಿತ್ತು. ಗಡ್ಡೆಯ ಅಂಗಾಂಶ ಮತ್ತು ಸಹಜ ಅಂಗಾಂಶ, ಇವೆರಡೂ ಬೇರೆ ಬೇರೆ ಕಾಂತೀಯ ಸಿಗ್ನಲ್ ಕೊಡುತ್ತವೆ ಎಂದು ಅವರು 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಒಬ್ಬ ಸಹೋದ್ಯೋಗಿಯ ಜೊತೆ ಬರೆದಿದ್ದರು. ಆಗ ಅಳೆದಿದ್ದು ಎಲೆಕ್ಟ್ರಾನ್‌ಗಳ ಸಿಗ್ನಲ್. ಅದಕ್ಕೆ ಮೈಕ್ರೋವೇವ್ ಬೇಕು. ಮೈಕ್ರೋವೇವ್ ಅಂಗಾಂಶದ ಚೂರಿಗೆ ಸರಿ, ಇಡೀ ಮನುಷ್ಯನಿಗೆ ಆಗದು. ನೀರು ತುಂಬಿದ ಮೈ ಅದನ್ನು ಚರ್ಮದ ಹತ್ತಿರವೇ ಹೀರಿಕೊಂಡುಬಿಡುತ್ತದೆ. ಹಾಗಾಗಿ ವ್ಯತ್ಯಾಸ ಇದೆ ಅಂತ ಗೊತ್ತಿದ್ದರೂ ಅದನ್ನು ಮೈಯೊಳಗೆ ಹೋಗಿ ನೋಡುವ ಕಿಟಕಿ ಇರಲಿಲ್ಲ.

1973ರಲ್ಲಿ ಅಮೆರಿಕದ ಪಾಲ್ ಲೌಟರ್‌ಬರ್ ಆ ಕಿಟಕಿ ತೆರೆದರು. ನೀರು ತುಂಬಿದ ಎರಡು ಸಣ್ಣ ಕೊಳವೆಗಳ ಚಿತ್ರ. ನೋಡಲು ಎರಡು ಮಸುಕು ಬೊಟ್ಟು, ಅಷ್ಟೆ. ಆದರೆ ಅದು ಎಲೆಕ್ಟ್ರಾನ್ ಅಲ್ಲ, ನೀರಿನ ಪ್ರೋಟಾನ್‌ಗಳ ಸಿಗ್ನಲ್. ಅದಕ್ಕೆ ಬೇಕಾದ್ದು ರೇಡಿಯೋ ಅಲೆ, ಮತ್ತು ರೇಡಿಯೋ ಅಲೆ ಮೈಯನ್ನು ದಾಟುತ್ತದೆ.

ಅಬರ್ಡೀನ್ ತಂಡ ತಕ್ಷಣ ಅತ್ತ ತಿರುಗಿತು. ಕೈಕೆಸರು ಮಾಡಿಕೊಳ್ಳುವ ಕೆಲಸಕ್ಕೆ ಜಿಮ್ ಹಚಿಸನ್ ಮುಂದಾದರು. 1974ರಲ್ಲಿ ಅವರು ಒಂದು ಪುಟ್ಟ ಇಲಿಯ ಚಿತ್ರ ತೆಗೆದರು. ಇಲಿಯನ್ನು ಆಗಷ್ಟೇ ಕತ್ತು ಮುರಿದು ಕೊಂದಿದ್ದರು. ಚಿತ್ರದಲ್ಲಿ ಇಲಿಯ ಆಕಾರ ಕಂಡಿತು, ಅದು ನಿರೀಕ್ಷಿತವೇ. ನಿರೀಕ್ಷೆ ಇಲ್ಲದ್ದು ಇನ್ನೊಂದು: ಕತ್ತಿನ ಗಾಯದ ಸುತ್ತ ಊತದ ನೀರು ಸೇರಿಕೊಂಡಿದ್ದ ಜಾಗ ಬೇರೆಯಾಗಿಯೇ ಎದ್ದು ಕಂಡಿತು. ಅಂಗ ಎಲ್ಲಿದೆ ಅನ್ನುವುದಷ್ಟೇ ಅಲ್ಲ, ಅಂಗಕ್ಕೆ ಏನಾಗಿದೆ ಅನ್ನುವುದನ್ನೂ ಈ ವಿಧಾನ ಹೇಳಬಲ್ಲದು ಎಂಬುದಕ್ಕೆ ಅದು ಸಾಕ್ಷಿ. ಇಲಿಯಿಂದ ನೇರವಾಗಿ ಮನುಷ್ಯನ ಅಳತೆಗೆ ಹಾರೋಣ ಎನ್ನುವ ಧೈರ್ಯ ಬಂದಿದ್ದು ಇಲ್ಲಿಂದ ಅಂತ ನನಗೆ ಅನಿಸುತ್ತದೆ. ಯಂತ್ರ ಕಟ್ಟಲು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಹಣ ಕೊಟ್ಟಿತು.

ಒಂದು ಮಾತು ಸೇರಿಸಬೇಕು. ಈ ವಿಭಾಗ ಇದ್ದದ್ದು ಫಾರೆಸ್ಟರ್‌ಹಿಲ್ ಅನ್ನುವ ಆಸ್ಪತ್ರೆಯ ಆವರಣದಲ್ಲಿ. ಯಂತ್ರವನ್ನು ತಾವೇ ಕಟ್ಟುವ ರೂಢಿ ಅಲ್ಲಿ ಮೊದಲೇ ಇತ್ತು. ವಿಕಿರಣ ವಸ್ತು ಬಳಸಿ ದೇಹದ ಅಡ್ಡಸೀಳು ಚಿತ್ರ ತೆಗೆಯುವ ಸ್ಕ್ಯಾನರ್ ಒಂದನ್ನು ಈ ಜನ ಆಗಲೇ ಕಟ್ಟಿ ರೋಗಿಗಳಿಗೆ ಬಳಸಿದ್ದರು. ಬೆಸುಗೆ ಹಾಕುವವರಿಗೂ ವಾರ್ಡಿನ ವೈದ್ಯರಿಗೂ ನಡುವೆ ಒಂದು ಕಾರಿಡಾರ್ ಅಷ್ಟೇ ದೂರ.

ತೊಂದರೆ

ಇಲಿಗೆ ಸಾಲುವ ಮ್ಯಾಗ್ನೆಟ್ ಮನುಷ್ಯನಿಗೆ ಸಾಲದು. ಆಕ್ಸ್‌ಫರ್ಡ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇವರಿಗೆ ನಾಲ್ಕು ಸುರುಳಿಗಳ ಒಂದು ಮ್ಯಾಗ್ನೆಟ್ ಮಾಡಿಕೊಟ್ಟಿತು. ಕರೆಂಟ್ ಹರಿದರಷ್ಟೇ ಅದು ಮ್ಯಾಗ್ನೆಟ್, ಸ್ವಿಚ್ ಆರಿಸಿದರೆ ಸುಮ್ನೆ ಲೋಹದ ರಾಶಿ. ಶಕ್ತಿ 0.04 ಟೆಸ್ಲಾ. ಇವತ್ತು ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲೂ ಕಾಣುವ 1.5 ಟೆಸ್ಲಾ ಯಂತ್ರಕ್ಕೆ ಹೋಲಿಸಿದರೆ ಸುಮಾರು ನಲವತ್ತರಲ್ಲಿ ಒಂದು ಪಾಲು.

ಇದರ ಅರ್ಥ ಏನು ಅಂತ ಹುಡುಗರಿಗೆ ಬೋರ್ಡಿನ ಮೇಲೆ ಲೆಕ್ಕ ಹಾಕಿ ತೋರಿಸುತ್ತೇನೆ. ಮ್ಯಾಗ್ನೆಟ್ ಒಳಗೆ ಪ್ರೋಟಾನ್‌ಗಳು ಎರಡು ಬಣಗಳಾಗುತ್ತವೆ: ಕ್ಷೇತ್ರದ ಕಡೆ ಮುಖ ಮಾಡಿದವು ಮತ್ತು ಎದುರು ನಿಂತವು. ಎರಡೂ ಬಣ ಹೆಚ್ಚುಕಡಿಮೆ ಸಮ. ಒಂದರ ಸಿಗ್ನಲ್ ಇನ್ನೊಂದು ಅಳಿಸಿಹಾಕುತ್ತದೆ. ನಮಗೆ ಸಿಗುವುದು ಆ ಕೂದಲೆಳೆಯ ವ್ಯತ್ಯಾಸ ಮಾತ್ರ. 1.5 ಟೆಸ್ಲಾದಲ್ಲಿ ಒಂದು ಕೋಟಿ ಪ್ರೋಟಾನ್ ಇದ್ದರೆ ಸುಮಾರು 50ರಷ್ಟು ವ್ಯತ್ಯಾಸ. 0.04 ಟೆಸ್ಲಾದಲ್ಲಿ ಕೋಟಿಗೆ ಒಂದೂ ಚಿಲ್ಲರೆ. ಜಾತ್ರೆಯಲ್ಲಿ ಒಬ್ಬನ ಪಿಸುಮಾತು ಕೇಳಿಸಿಕೊಂಡ ಹಾಗೆ.

ಪಿಸುಮಾತಿನ ಸ್ವರವೂ ತಗ್ಗು. ಈ ಯಂತ್ರದ ಸಿಗ್ನಲ್ 1.7 ಮೆಗಾಹರ್ಟ್ಸ್‌ನಲ್ಲಿ ಬರುತ್ತಿತ್ತು. ಬೆಂಗಳೂರು ಆಕಾಶವಾಣಿಯನ್ನು 612 ಕಿಲೋಹರ್ಟ್ಸ್‌ಗೆ ಮುಳ್ಳು ತಿರುಗಿಸಿ ಕೇಳಿದವರು ಆ ಹಳೇ ರೇಡಿಯೋ ಡಯಲ್ ನೆನಪು ಮಾಡಿಕೊಳ್ಳಿ. ಮೀಡಿಯಂ ವೇವ್ ಪಟ್ಟಿ ಮುಗಿದು ಮುಳ್ಳು ಇನ್ನೊಂದು ಚೂರು ಮುಂದೆ ಹೋದರೆ ಈ ಸ್ಕ್ಯಾನರಿನ ಸ್ಟೇಷನ್!

ದುರ್ಬಲ ಸಿಗ್ನಲ್ಲಿಗೆ ಮದ್ದು ಇತ್ತು. ಕ್ಷೇತ್ರ ಮಲಗಿದ ರೋಗಿಯ ಎದೆಯಿಂದ ಬೆನ್ನಿನ ಕಡೆಗೆ, ಅಂದರೆ ಲಂಬವಾಗಿ ಇತ್ತು. ಹಾಗಿರುವುದರಿಂದ ಸಿಗ್ನಲ್ ಹಿಡಿಯುವ ಕಾಯಿಲನ್ನು ಮೈಸುತ್ತ ಸುತ್ತಬಹುದು, ಅದು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಜೊತೆಗೆ ಕಡಿಮೆ ಕ್ಷೇತ್ರದಲ್ಲಿ ಒಂದು ಲಾಭವೂ ಇದೆ. ಟಿ1 ಎನ್ನುವ ಗುಣ, ಅಂದರೆ ತಟ್ಟಿದ ಪ್ರೋಟಾನ್‌ಗಳು ಮತ್ತೆ ತಮ್ಮ ಸ್ಥಿತಿಗೆ ಮರಳಲು ತೆಗೆದುಕೊಳ್ಳುವ ಸಮಯ, ಅಂಗಾಂಶದಿಂದ ಅಂಗಾಂಶಕ್ಕೆ ಅಲ್ಲಿ ಹೆಚ್ಚು ಬೇರೆಬೇರೆ. ತಂಡದವರು ಟಿ1 ಅಳತೆಯ ಮೇಲೆಯೇ ಕಣ್ಣಿಟ್ಟಿದ್ದರು.

ಮದ್ದಿಲ್ಲದ ತೊಂದರೆಗಳು ಎರಡು.

ಒಂದು, ಮ್ಯಾಗ್ನೆಟ್ಟಿನ ಕ್ಷೇತ್ರ ಎಲ್ಲ ಕಡೆ ಒಂದೇ ಸಮ ಇರಲಿಲ್ಲ. ಮನುಷ್ಯ ಹಿಡಿಸುವಷ್ಟು ದೊಡ್ಡ ಜಾಗದಲ್ಲಿ ಅಂಥ ಸುರುಳಿಗಳಿಂದ ಸಮ ಕ್ಷೇತ್ರ ಪಡೆಯುವುದು ಕಷ್ಟ. ಲೌಟರ್‌ಬರ್ ದಾರಿಯಲ್ಲಿ ಹೋದರೆ ಸಿಟಿ ಸ್ಕ್ಯಾನಿನ ಹಾಗೆ ಸುತ್ತಲೂ ಬೇರೆ ಬೇರೆ ಕೋನದಿಂದ ನೋಡಿ ಚಿತ್ರ ಜೋಡಿಸಬೇಕು. ಕ್ಷೇತ್ರ ಸಮ ಇಲ್ಲದಿದ್ದರೆ ಒಂದೇ ಬಿಂದು ಈ ಕೋನದಿಂದ ಇಲ್ಲಿ, ಆ ಕೋನದಿಂದ ಅಲ್ಲಿ ಇದ್ದಂತೆ ಕಾಣುತ್ತದೆ. ಎಲ್ಲವನ್ನೂ ಸೇರಿಸಿದಾಗ ಬಿಂದು ಕಲಸಿಹೋಗುತ್ತದೆ.

ಎರಡು, ಬದುಕಿರುವ ಮನುಷ್ಯ ಇಲಿಯ ಹೆಣದ ಹಾಗೆ ಬಿದ್ದಿರುವುದಿಲ್ಲ. ಉಸಿರಾಡುತ್ತಾನೆ, ಎದೆ ಬಡಿದುಕೊಳ್ಳುತ್ತದೆ, ಕರುಳು ಮಿಸುಕುತ್ತದೆ. ಮೊದಮೊದಲ ಚಿತ್ರಗಳಲ್ಲಿ ಈ ಅಲುಗಾಟದ ಕಲೆಗಳು ಹರಡಿಕೊಂಡು, ವೈದ್ಯರಿಗೆ ತೋರಿಸುವ ಹಾಗಿರಲಿಲ್ಲ.

ತಿರುವು

ಈ ಹಂತದಲ್ಲಿ ಬಹಳ ಜನ ಮಾಡುವುದು ಒಂದೇ: ಇನ್ನೂ ಒಳ್ಳೆಯ ಮ್ಯಾಗ್ನೆಟ್ಟಿಗೆ ಅರ್ಜಿ ಹಾಕುವುದು. ನಾನೂ ಅದನ್ನೇ ಮಾಡುತ್ತಿದ್ದೆ. ಅಬರ್ಡೀನ್ ತಂಡ ಮ್ಯಾಗ್ನೆಟ್ ಬಿಟ್ಟು, ಸಿಗ್ನಲ್ಲಿಗೆ ವಿಳಾಸ ಬರೆಯುವ ವಿಧಾನಕ್ಕೆ ಕೈಹಾಕಿತು. ಹಚಿಸನ್ ಜೊತೆ ಆಗ ಬಿಲ್ ಎಡೆಲ್‌ಸ್ಟೀನ್ ಇದ್ದರು. ಅಮೆರಿಕದವರು. ಗ್ಲಾಸ್ಗೋದಲ್ಲಿ ಗುರುತ್ವ ಅಲೆ ಹಿಡಿಯುವ ಕೆಲಸ ಮಾಡಿ ಇಲ್ಲಿಗೆ ಬಂದವರು. ಸದ್ದಿನಲ್ಲಿ ಮುಳುಗಿದ ಸಿಗ್ನಲ್ ಹುಡುಕುವ ಅಭ್ಯಾಸ ಅಲ್ಲೇ ಆಗಿತ್ತು ಅನ್ನಿ. ಗ್ಲಿನ್ ಜಾನ್ಸನ್ ಮತ್ತು ಥಾಮಸ್ ರೆಡ್‌ಪಾತ್ ಕೂಡ ತಂಡದಲ್ಲಿದ್ದರು.

ಅವರ ಮುಂದೆ 1975ರ ಒಂದು ಪ್ರಬಂಧ ಇತ್ತು. ಜ್ಯೂರಿಚ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ ಬರೆದದ್ದು. ಈ ಅನಿಲ್ ಕುಮಾರ್ ಯಾರು ಅಂತ ಕೇಳಿದರೆ ತರಗತಿಯಲ್ಲಿ ಕೈ ಎತ್ತುವವರು ಕಡಿಮೆ. ಆಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ದಶಕಗಳ ಕಾಲ ಪಾಠ ಮಾಡಿದ, ಸಂಶೋಧನೆ ನಡೆಸಿದ ಅದೇ ಪ್ರೊಫೆಸರ್ ಅನಿಲ್ ಕುಮಾರ್. ಮಲ್ಲೇಶ್ವರದ ಬಸ್ಸಿನಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಸ್ಟಾಪಿನ ಮುಂದೆ ಹೋಗುವವರಿಗೆ ಇದು ಗೊತ್ತಿರಲಿ ಅಂತ ಸುಮ್ನೆ ಹೇಳಿದೆ.

ಜ್ಯೂರಿಚ್ ವಿಧಾನವನ್ನು ಹಗ್ಗದ ಲೆಕ್ಕದಲ್ಲಿ ಹೇಳುತ್ತೇನೆ. ಮೈಯೊಳಗಿನ ಒಂದು ಸಾಲಿನ ಪ್ರೋಟಾನ್‌ಗಳನ್ನು ಎಳೆದು ಹಿಡಿದ ಹಗ್ಗ ಅಂದುಕೊಳ್ಳಿ. ಗ್ರೇಡಿಯಂಟ್ ಅನ್ನುವ ಹೆಚ್ಚುವರಿ ಕ್ಷೇತ್ರ ಆ ಹಗ್ಗಕ್ಕೆ ಹುರಿ ಹಾಕುತ್ತದೆ. ಒಂದು ತುದಿಯಲ್ಲಿ ತಿರುವು ಕಡಿಮೆ, ಇನ್ನೊಂದು ತುದಿಯಲ್ಲಿ ಜಾಸ್ತಿ. ಒಂದು ಹುರಿ ಹಾಕಿ ಸಿಗ್ನಲ್ ಓದು. ಮತ್ತೆ ಮೊದಲಿಂದ ಶುರು ಮಾಡಿ ಎರಡು ಹುರಿ ಹಾಕಿ ಓದು. ಹಾಗೆ ಮೂರು, ನಾಲ್ಕು. ಎಲ್ಲ ಓದುಗಳನ್ನೂ ಫೂರಿಯರ್ ಗಣಿತಕ್ಕೆ ಕೊಟ್ಟರೆ ಹಗ್ಗದ ಯಾವ ಜಾಗದಲ್ಲಿ ಎಷ್ಟು ಸಿಗ್ನಲ್ ಇತ್ತು ಅಂತ ಬಿಚ್ಚಿ ಕೊಡುತ್ತದೆ. ಕೋನ ತಿರುಗಿಸುವ ಕೆಲಸವೇ ಇಲ್ಲ.

ಆದರೆ ಜ್ಯೂರಿಚ್‌ನಲ್ಲಿ ಹುರಿ ಜಾಸ್ತಿ ಮಾಡಿದ್ದು ಹೇಗೆ? ಗ್ರೇಡಿಯಂಟಿನ ಬಲ ಅಷ್ಟೇ ಇಟ್ಟು, ಸಮಯ ಹೆಚ್ಚಿಸಿ. ಒಂದೇ ಬಲದಲ್ಲಿ ಹೆಚ್ಚು ಹೊತ್ತು ಹೊಸೆದರೆ ಹೆಚ್ಚು ಹುರಿ. ಸಮ ಕ್ಷೇತ್ರದ ಒಳ್ಳೆಯ ಮ್ಯಾಗ್ನೆಟ್ ಇದ್ದರೆ ತೊಂದರೆ ಇಲ್ಲ. ಅಬರ್ಡೀನಿನ ಮ್ಯಾಗ್ನೆಟ್ಟಿನಲ್ಲಿ ಹೊಸೆಯುವಾಗಲೇ ಗಾಳಿ ಬೀಸುತ್ತಿತ್ತು. ಕ್ಷೇತ್ರದ ಏರುಪೇರು ಕೂಡ ತನ್ನ ಪಾಡಿಗೆ ಹಗ್ಗ ತಿರುಚುತ್ತಿತ್ತು, ಹೊತ್ತು ಹೋದಷ್ಟೂ ಸಿಗ್ನಲ್ ಕುಗ್ಗುತ್ತಲೂ ಇತ್ತು. ಒಂದೊಂದು ಓದಿಗೆ ಒಂದೊಂದು ಅವಧಿ ಆದರೆ ಪ್ರತಿ ಓದಿನಲ್ಲೂ ಗಾಳಿಯ ಪಾಲು ಬೇರೆ ಬೇರೆ. ನಿಮ್ಮ ಹುರಿ ಯಾವುದು, ಗಾಳಿಯ ಹುರಿ ಯಾವುದು ಅಂತ ಹೇಗೆ ಬಿಡಿಸುತ್ತೀರಿ?

ತಂಡ ಬದಲಿಸಿದ್ದು ಇಷ್ಟೇ: ಸಮಯ ಎಲ್ಲ ಸಲವೂ ಒಂದೇ, ಬಲ ಬೇರೆ ಬೇರೆ. ಅಷ್ಟೇ ಹೊತ್ತಿನಲ್ಲಿ ಮೊದಲ ಸಲ ಮೆಲ್ಲಗೆ ಹೊಸೆ, ಮುಂದಿನ ಸಲ ಸ್ವಲ್ಪ ಜೋರಾಗಿ, ಅದರ ಮುಂದೆ ಇನ್ನೂ ಜೋರಾಗಿ. ಗಾಳಿ ನಿಲ್ಲಲಿಲ್ಲ. ಆದರೆ ಪ್ರತಿ ಓದಿನಲ್ಲೂ ಅದರ ಪಾಲು ಒಂದೇ ಆಯಿತು. ಎಲ್ಲ ಓದಿಗೂ ಸಮನಾಗಿ ಸೇರಿದ ತಪ್ಪು ಆ ದಿಕ್ಕಿನ ಲೆಕ್ಕದಿಂದ ತಾನಾಗಿಯೇ ಕಳಚಿ ಬೀಳುತ್ತದೆ. ಇನ್ನೊಂದು ದಿಕ್ಕಿನಲ್ಲಿ ಕ್ಷೇತ್ರದ ಏರುಪೇರು ಚಿತ್ರವನ್ನು ಸ್ವಲ್ಪ ಸೊಟ್ಟ ಮಾಡುತ್ತದೆ, ಕಲಸುವುದಿಲ್ಲ. ಸೊಟ್ಟಗಿರುವ ಯಕೃತ್ತನ್ನು ವೈದ್ಯರು ಗುರುತು ಹಿಡಿಯುತ್ತಾರೆ, ಕಲಸಿದ ಯಕೃತ್ತನ್ನು ಯಾರೂ ಗುರುತು ಹಿಡಿಯಲಾರರು.

ಇದಕ್ಕೆ ಅವರು 'ಸ್ಪಿನ್ ವಾರ್ಪ್' ಎಂದು ಹೆಸರಿಟ್ಟರು. 1980ರಲ್ಲಿ ಪ್ರಕಟವಾದ ಪ್ರಬಂಧ ಆರೇ ಪುಟ.

ಅಲುಗಾಟದ ಕಥೆಯೂ ಇದರಿಂದ ಬದಲಾಯಿತು, ಹುಡುಗರ ಪ್ರಶ್ನೆಗೆ ಉತ್ತರ ಇರುವುದೂ ಇಲ್ಲೇ. ಒಂದು ಓದು ಕೆಲವು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಅಷ್ಟರಲ್ಲಿ ಹೊಟ್ಟೆ ಅಲುಗಾಡಿದ್ದು ಲೆಕ್ಕಕ್ಕಿಲ್ಲ. ಆದರೆ ಒಂದು ಹುರಿಗೂ ಮುಂದಿನ ಹುರಿಗೂ ನಡುವೆ ಹೊತ್ತು ಹೋಗುತ್ತದೆ, ಎಲ್ಲ ಹುರಿ ಮುಗಿಯಲು ನಿಮಿಷಗಳೇ ಬೇಕು. ಅಷ್ಟರಲ್ಲಿ ಹೊಟ್ಟೆ ಹತ್ತಾರು ಸಲ ಏರಿ ಇಳಿದಿರುತ್ತದೆ. ಹಾಗಾಗಿ ಗೊಂದಲವೆಲ್ಲ ಹುರಿ ಹಾಕುವ ದಿಕ್ಕಿಗೇ ಬೀಳುತ್ತದೆ. ಹೊಟ್ಟೆ ಯಾವ ಕಡೆ ಆಡಿತು ಅನ್ನುವುದು ದೆವ್ವಕ್ಕೆ ಬೇಕಿಲ್ಲ, ನೀವು ಯಾವ ಕಡೆ ಹುರಿ ಹಾಕಿದಿರಿ ಅನ್ನುವುದಷ್ಟೇ ಬೇಕು. ದೆವ್ವ ಹೋಗಲಿಲ್ಲ, ಆದರೆ ಅದಕ್ಕೊಂದು ಓಣಿ ಗೊತ್ತಾಯಿತು. ಎಲ್ಲ ಕಡೆ ಚದುರುವ ಕಲೆಗಿಂತ ಇದು ಎಷ್ಟೋ ವಾಸಿ, ಅಲ್ವಾ?

ರೋಗಿ

1980ರ ಆಗಸ್ಟ್ 28. ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಒಬ್ಬ ವ್ಯಕ್ತಿ ಈ ಯಂತ್ರದೊಳಗೆ ಮಲಗಿದರು. ಕ್ಯಾನ್ಸರ್ ಬಹಳ ಮುಂದುವರೆದಿತ್ತು. ಯಂತ್ರದ ಹೆಸರು ಮಾರ್ಕ್-1. ಈಗಿನಂತೆ ನುಣುಪಾದ ಬಿಳಿ ಡಬ್ಬಿಯಲ್ಲ. ಸುರುಳಿಗಳು, ಚೌಕಟ್ಟು, ವೈರು ಎಲ್ಲ ಕಣ್ಣಿಗೆ ಬೀಳುವ ಪ್ರಯೋಗಶಾಲೆಯ ಸಾಮಾನು.

ಚಿತ್ರಗಳಲ್ಲಿ ಮೂರು ವಿಷಯ ಕಂಡವು: ಎದೆಯೊಳಗೆ ಮೂಲ ಗಡ್ಡೆ, ಅಸಹಜವಾದ ಯಕೃತ್ತು, ಮೂಳೆಗಳಿಗೆ ಹರಡಿದ ಕ್ಯಾನ್ಸರ್. ಎಂಆರ್‌ಐನಿಂದ ಒಬ್ಬ ರೋಗಿಯ ಒಳಗಿನ ಅಂಗಾಂಶದ, ವೈದ್ಯರಿಗೆ ನಿಜಕ್ಕೂ ಪ್ರಯೋಜನಕ್ಕೆ ಬರುವ ಚಿತ್ರ ಸಿಕ್ಕಿದ್ದು ಅದೇ ಮೊದಲು ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಥ "ಮೊದಲು"ಗಳ ಬಗ್ಗೆ ಜಗಳ ಇದ್ದೇ ಇರುತ್ತದೆ. ನ್ಯೂಯಾರ್ಕಿನಲ್ಲಿ ರೇಮಂಡ್ ದಮಾಡಿಯನ್ 1977ರಲ್ಲೇ ಮನುಷ್ಯನ ಎದೆಯ ಚಿತ್ರ ತೆಗೆದಿದ್ದರು, ನಾಟಿಂಗ್‌ಹ್ಯಾಮ್‌ನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ 1978ರಲ್ಲಿ ತಮ್ಮದೇ ಹೊಟ್ಟೆಯ ಚಿತ್ರ ತೆಗೆಸಿಕೊಂಡಿದ್ದರು. ನನಗೆ ಮುಖ್ಯ ಅನಿಸುವುದು ಬೇರೆ. ಆ ದಿನ ಪರೀಕ್ಷೆಗೆ ಒಳಗಾದದ್ದು ಯಂತ್ರ ಮಾತ್ರ ಅಲ್ಲ, ರೋಗ ಕೂಡ. ಪಕ್ಕದಲ್ಲಿ ನ್ಯೂಕ್ಲಿಯರ್ ಮೆಡಿಸಿನ್ ವೈದ್ಯ ಫ್ರಾನ್ಸಿಸ್ ಸ್ಮಿತ್ ಇದ್ದರು. ಯಕೃತ್ತಿನ ಕಾಯಿಲೆಗಳಲ್ಲಿ ಈ ಚಿತ್ರಣದ ಬಳಕೆ ಬಗ್ಗೆ ಅವರು, ಮಲ್ಲಾರ್ಡ್, ಹಚಿಸನ್ ಸೇರಿ ಮರುವರ್ಷವೇ 'ಲ್ಯಾನ್ಸೆಟ್'ನಲ್ಲಿ ಬರೆದರು. ಭೌತವಿಜ್ಞಾನದ ಪತ್ರಿಕೆಯಿಂದ ವೈದ್ಯರ ಪತ್ರಿಕೆಗೆ ಬರಲು ಹಿಡಿದದ್ದು ಒಂದೇ ವರ್ಷ. ಆ ಕಾರಿಡಾರ್ ಅಷ್ಟು ಚಿಕ್ಕದಾಗಿದ್ದಕ್ಕೇ ಇದು ಸಾಧ್ಯವಾಯಿತು ಅಂತ ನಾನು ನಂಬುತ್ತೇನೆ.

ಆಮೇಲೆ ಏನಾಯಿತು

ವಿಧಾನ ಗೆದ್ದಿತು, ಊರಿಗೆ ಲಾಭ ಅಷ್ಟಾಗಿ ದಕ್ಕಲಿಲ್ಲ. ಎಡೆಲ್‌ಸ್ಟೀನ್ 1980ರಲ್ಲೇ ಅಮೆರಿಕದ ಜಿಇ ಕಂಪನಿ ಸೇರಿದರು. ಅಲ್ಲಿ 1.5 ಟೆಸ್ಲಾ ಯಂತ್ರ ಕಟ್ಟಿದ ತಂಡದಲ್ಲಿ ಅವರೂ ಇದ್ದರು. ಅಷ್ಟು ಬಲವಾದ ಮ್ಯಾಗ್ನೆಟ್ಟಿಗೂ ಈ ಬಡ ಮ್ಯಾಗ್ನೆಟ್ಟಿಗಾಗಿ ಹುಟ್ಟಿದ ವಿಧಾನವೇ ಹೊಂದಿತು. ಒಬ್ಬೊಬ್ಬರಾಗಿ ಎಲ್ಲ ಕಂಪನಿಗಳೂ ಅದನ್ನೇ ಹಿಡಿದವು. ಅಬರ್ಡೀನ್‌ನಲ್ಲಿ ಸ್ಕ್ಯಾನರ್ ಮಾಡಿ ಮಾರಲು ಹುಟ್ಟಿದ ಸಣ್ಣ ಕಂಪನಿ ಬಾಳಲಿಲ್ಲ. 2003ರ ನೊಬೆಲ್ ಲೌಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್‌ಗೆ ಹೋಯಿತು. ಮಲ್ಲಾರ್ಡ್ 2021ರಲ್ಲಿ ತೀರಿಕೊಂಡರು. ಮಾರ್ಕ್-1 ಈಗ ಫಾರೆಸ್ಟರ್‌ಹಿಲ್ ಆವರಣದಲ್ಲೇ ಪ್ರದರ್ಶನಕ್ಕಿದೆ.

ಈ ಪ್ರಕರಣದಲ್ಲಿ ನಾನು ಹುಡುಗರಿಗೆ ಎತ್ತಿ ತೋರಿಸುವ ನಿರ್ಧಾರ ಆ ಒಂದೇ. ಅವರು ತಪ್ಪನ್ನು ಕಡಿಮೆ ಮಾಡಲು ಹೋಗಲಿಲ್ಲ, ಅದಕ್ಕೆ ಬೇಕಾದ ದುಡ್ಡು ಕೈಯಲ್ಲಿರಲಿಲ್ಲ. ತಪ್ಪು ಪ್ರತಿ ಸಲವೂ ಅಷ್ಟೇ ಇರುವ ಹಾಗೆ ನೋಡಿಕೊಂಡರು. ಒಳ್ಳೆಯ ಮ್ಯಾಗ್ನೆಟ್ ಇದ್ದಿದ್ದರೆ ಜ್ಯೂರಿಚ್ ವಿಧಾನವನ್ನೇ ಹಾಗೇ ಬಳಸಿ, ಕೆಲಸ ನಡೆಯುತ್ತಿದೆಯಲ್ಲ ಎಂದು ಸುಮ್ಮನಾಗುತ್ತಿದ್ದರೋ ಏನೋ.

ಇದೇ ವಿಭಾಗ ಈಚೆಗೆ ಇನ್ನೊಂದು ವಿಚಿತ್ರ ಮಾಡಿದೆ. ಪ್ರೊಫೆಸರ್ ಡೇವಿಡ್ ಲೂರಿ ಅವರ ತಂಡ ಮತ್ತೆ ಕರೆಂಟಿನ ಮ್ಯಾಗ್ನೆಟ್ಟಿಗೇ ಮರಳಿತು. 0.2 ಟೆಸ್ಲಾದಿಂದ ಅದರ ಸಾವಿರದಲ್ಲೊಂದು ಪಾಲಿಗಿಂತಲೂ ಕೆಳಕ್ಕೆ, ರೋಗಿ ಒಳಗೆ ಮಲಗಿರುವಾಗಲೇ ಕ್ಷೇತ್ರವನ್ನು ಇಳಿಸಿ ಏರಿಸುವ ಸ್ಕ್ಯಾನರ್ ಅದು. ದುಬಾರಿ ಸೂಪರ್‌ಕಂಡಕ್ಟಿಂಗ್ ಮ್ಯಾಗ್ನೆಟ್ಟಿಗೆ ಈ ಆಟ ಬರುವುದಿಲ್ಲ, ಅದರ ಕ್ಷೇತ್ರ ಅಷ್ಟು ಬೇಗ ಅಲ್ಲಾಡದು. ಕ್ಷೇತ್ರ ಬದಲಾದಂತೆ ಟಿ1 ಹೇಗೆ ಬದಲಾಗುತ್ತದೆ ಅನ್ನುವುದೇ ಅವರಿಗೆ ಬೇಕಾದ ಮಾಹಿತಿ. ಪಾರ್ಶ್ವವಾಯು ಆದವರ ಮಿದುಳಿನಲ್ಲಿ ಅದನ್ನು ನೋಡಿದ್ದಾರೆ.

ಕನ್ಸೋಲಿಗೆ ಮರಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಅಜ್ಜಿಯ ಹೊಟ್ಟೆ ಸ್ಕ್ಯಾನ್ ಮಾಡುತ್ತಿದ್ದೆ. ಯಕೃತ್ತಿನ ಎಡಭಾಗದಲ್ಲಿ ಹುಣಸೆಬೀಜದಷ್ಟು ದೊಡ್ಡ, ದುಂಡನೆ ಬಿಳಿ ಬೊಟ್ಟು. ನನ್ನ ಕೈ ತಣ್ಣಗಾಯಿತು. ಹೊರಗೆ ಮಗ ಕೂತಿದ್ದ. ರೇಡಿಯಾಲಜಿ ಮೇಡಂ ಬಂದು ಒಂದು ಕ್ಷಣ ನೋಡಿ, "ಅದರ ನೇರ ಕೆಳಗೆ ಏನಿದೆ ನೋಡಪ್ಪಾ" ಅಂದರು. ಬೊಟ್ಟಿನ ನೇರ ಹಿಂದೆ, ಬೆನ್ನುಮೂಳೆಯ ಮುಂದೆ, ಎದೆಬಡಿತಕ್ಕೆ ತಕ್ಕಂತೆ ಮಿಡಿಯುವ ದೊಡ್ಡ ರಕ್ತನಾಳ ಅಯೋರ್ಟಾ. ಅದೇ ಗಾತ್ರ, ಅದೇ ದುಂಡು.

"ಫೇಸ್ ದಿಕ್ಕು ಬದಲಿಸಿ ಇನ್ನೊಂದ್ಸಲ ತೆಗಿ" ಅಂದರು. ಹುರಿ ಹಾಕುವ ದಿಕ್ಕನ್ನು ಎಡ-ಬಲಕ್ಕೆ ತಿರುಗಿಸಿದೆ. ಮೈ ಅಗಲಕ್ಕೆ ಜಾಸ್ತಿ ಇರುವುದರಿಂದ ಹುರಿಗಳೂ ಜಾಸ್ತಿ, ಸಮಯವೂ ಜಾಸ್ತಿ. ಮೈಕಿನಲ್ಲಿ "ಅಜ್ಜೀ, ಇನ್ನೊಂದು ಸ್ವಲ್ಪ ಹೊತ್ತು, ಅಲ್ಲಾಡಬೇಡಿ" ಅಂದೆ. "ಆಗ್ಲಪ್ಪಾ, ಇದೇನು ಇಷ್ಟೊಂದು ಬಡಿತೀರಿ" ಅಂತ ಒಳಗಿಂದ ಗೊಣಗಿದರು.

ಎರಡನೇ ಚಿತ್ರ ಬಂತು. ಬೊಟ್ಟು ಯಕೃತ್ತಿನಲ್ಲಿರಲಿಲ್ಲ. ಅಯೋರ್ಟಾದ ಪಕ್ಕಕ್ಕೆ ಸರಿದು, ಎಡ ಮೂತ್ರಪಿಂಡದ ಮೇಲೆ ತೆಳ್ಳಗೆ ಕೂತಿತ್ತು. ಮೇಡಂ ವರದಿಯಲ್ಲಿ ಯಕೃತ್ತು ಸಹಜವಾಗಿದೆ ಎಂದು ಬರೆದು ಮುಂದಿನ ರೋಗಿಯ ಫೈಲ್ ತೆಗೆದರು.